ಹಿತ್ತಾಳೆ ಗುಂಡಿ

ಕತ್ತರಿ ಅಕ್ಕನ ಕೋಣೆಗೆ ಎರಡು ಬಾಗಿಲು. ಬೀದಿ ಕಡೆಯದು ದೊಡ್ಡದು, ಗಾಜು ಹಾಕಿದ್ದು. ಅದರ ಮೆಟ್ಟಿಲನ್ನು ದಿನಾ ಬೆಳಿಗ್ಗೆ ತೊಳೆಯುತ್ತಿದ್ದಳು. ಓಣಿ ಕಡೆಯದು ಗಿಡ್ಡ, ತಲೆ ಬಗ್ಗಿಸಿ ಬರಬೇಕು, ಪಕ್ಕದಲ್ಲೇ ಕಸದ ಡಬ್ಬ. ಬಳಸಿದ ಬಟ್ಟೆ ಕೊಡಲು ಬರುವ ಹೆಂಗಸರಿಗೆ ಸೋಮವಾರ, ಓಣಿ ಬಾಗಿಲು. ಬಟ್ಟೆ ಬೇಕಾಗಿ ಬರುವ ಹೆಂಗಸರಿಗೆ ಗುರುವಾರ, ಬೀದಿ ಬಾಗಿಲು. ಇದೇನು ತಿರುಗುಮುರುಗಾಯಿತಲ್ಲ ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತಿತ್ತು.

"ಕೊಡೋರು ಎಲ್ಲಿಂದ ಬಂದ್ರೂ ತಲೆ ಎತ್ಕೊಂಡೇ ಬರ್ತಾರೆ. ಅವರು ಒಂದ್ಸಲ ಬಗ್ಗಿದ್ರೆ ಸೊಂಟ ಏನೂ ಮುರಿಯಲ್ಲ."

ಆ ಕೋಣೆ ಒಂದು ಕಾಲಕ್ಕೆ ಅವಳ ದರ್ಜಿ ಅಂಗಡಿ. ಮೂವತ್ತು ವರ್ಷ ಅಲ್ಲೇ ಕೂತು ಊರಿನ ಅರ್ಧದಷ್ಟು ಹೆಂಗಸರಿಗೆ ಹೊಲಿದುಕೊಟ್ಟಿದ್ದಳು. ಯಾರ ಎಡಭುಜ ಬಲಭುಜಕ್ಕಿಂತ ಇಳಿದಿದೆ, ಅಳತೆ ಕೊಡುವಾಗ ಯಾರು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಎಲ್ಲವೂ ಅವಳಿಗೆ ಗೊತ್ತು. ಒಂದು ದಿನಕ್ಕೂ ಬಾಯಿ ಬಿಟ್ಟವಳಲ್ಲ. ಅರವತ್ತಕ್ಕೆ ಮಂಡಿ ಹೇಳಿದ ಮಾತು ಕೇಳದಾಯಿತು, ಹೊಸ ಹೊಲಿಗೆ ಒಪ್ಪಿಕೊಳ್ಳುವುದನ್ನು ನಿಲ್ಲಿಸಿದಳು. ಆದರೆ ಮಿಷನ್ ಮುಂದೆ ಕೂರದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಊರಿನ ಕಪಾಟುಗಳಲ್ಲಿ ಹಾಕಿಕೊಳ್ಳದೆ ಮಡಚಿಟ್ಟ ಒಳ್ಳೆಯ ಬಟ್ಟೆ ಎಷ್ಟಿದೆ ಎಂಬುದು ಅವಳಷ್ಟು ಬಲ್ಲವರಿರಲಿಲ್ಲ, ಅದರಲ್ಲಿ ಮುಕ್ಕಾಲು ಪಾಲು ಅವಳೇ ಹೊಲಿದದ್ದು. ಅದೇ ಊರಿನಲ್ಲಿ ಮೈಮೇಲೆ ಸರಿಯಾದ ಒಂದು ಕೋಟಿಲ್ಲದೆ ಬೆಳಗಿನ ಚಳಿಯಲ್ಲಿ ಕೆಲಸಕ್ಕೆ ಓಡುವ ಹೆಂಗಸರನ್ನೂ ಅವಳು ಗಾಜಿನ ಬಾಗಿಲಿನೊಳಗಿಂದ ದಿನಾ ನೋಡುತ್ತಿದ್ದಳು. ಅಲ್ಲಿದ್ದದ್ದನ್ನು ಇಲ್ಲಿಗೆ ದಾಟಿಸಿದರಾಯಿತು ಎಂದುಕೊಂಡಳು, ಶುರುಮಾಡಿಯೇಬಿಟ್ಟಳು.

ಅವಳ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಗಂಡನ ತಂಗಿ ಮಾತ್ರ ಎಲ್ಲಿಗೂ ಹೋಗದೆ ಅವಳ ಜೊತೆಗೇ ಉಳಿದಿದ್ದಳು. ಕೋಣೆಯಲ್ಲಿ ಈ ನಾದಿನಿಯ ಕೆಲಸ ಮೂರು: ಬಂದ ಬಟ್ಟೆ ಒಗೆಯುವುದು, ಇಸ್ತ್ರಿ ಮಾಡುವುದು, ಮಾತಾಡುವುದು. ಮೊದಲ ಎರಡು ಆಗಾಗ ನಿಲ್ಲುತ್ತಿದ್ದವು.

ಕತ್ತರಿ ಅಕ್ಕ ಸೋಮವಾರದ ಚೀಲಗಳನ್ನು ತಂದವರ ಎದುರಿಗೇ ಬಿಚ್ಚುತ್ತಿದ್ದಳು. ಕಂಕುಳಲ್ಲಿ ಬಣ್ಣ ಹೋದದ್ದು, ಎಳೆ ಎದ್ದದ್ದು, ಕಲೆ ಕೂತದ್ದು ಸಿಕ್ಕಿತೋ, ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯುವಳು. "ನಾಳೆ ಇದನ್ನ ಹಾಕ್ಕೊಂಡು ನಿಮ್ಮ ಬೀಗರ ಮನೆಗೆ ಹೋಗ್ತೀರಾ? ಇಲ್ಲ ತಾನೆ? ಹಾಗಾದ್ರೆ ನೆಲ ಒರೆಸೋಕೆ ಇಟ್ಕೊಳ್ಳಿ, ನಿಮ್ಮ ಮನೆ ನೆಲಾನೂ ಬಡಪಾಯೀನೇ." ಕೊಡಲು ಬಂದವರಿಗೆ ಮುಖಕ್ಕೆ ಹೊಡೆದ ಹಾಗಾಗುತ್ತಿತ್ತು. ಆದರೂ ಮುಂದಿನ ಸಲ ಅವರೇ ಕಪಾಟಿನ ಒಳ್ಳೆಯ ಸಾಲಿಗೆ ಕೈಹಾಕಿ ತರುತ್ತಿದ್ದರು. ಬೈಸಿಕೊಂಡು ದಾನ ಮಾಡುವುದರಲ್ಲೂ ಅದೇನೋ ಒಂದು ಸುಖ ಇದ್ದಿರಬೇಕು, ನನಗಂತೂ ಅರ್ಥವಾಗಿಲ್ಲ.

ಇಷ್ಟೇ ಆಗಿದ್ದರೆ ಅವಳ ಕಥೆ ಹೇಳಬೇಕಾಗಿರಲಿಲ್ಲ. ಅವಳ ಕೋಣೆಗೆ ಬಂದ ಯಾವ ಬಟ್ಟೆಯೂ ಬಂದ ಹಾಗೆ ಹೊರಗೆ ಹೋಗುತ್ತಿರಲಿಲ್ಲ. ಗುಂಡಿಗಳನ್ನೆಲ್ಲ ಕತ್ತರಿಸಿ ಬೇರೆ ಗುಂಡಿ ಹಾಕುವಳು. ಅಗಲ ಕಾಲರ್ ಇದ್ದರೆ ಕಿರಿದು ಮಾಡುವಳು, ಕಾಲರೇ ಇಲ್ಲದಿದ್ದರೆ ಒಂದನ್ನು ಕೂರಿಸುವಳು. ಜೇಬಿಲ್ಲದ್ದಕ್ಕೆ ಜೇಬು, ಉದ್ದ ತೋಳಿಗೆ ಮೊಟಕು, ತೀರಾ ಕಣ್ಣಿಗೆ ಹೊಡೆಯುವ ಬಣ್ಣವಾದರೆ ಹಿತ್ತಲಿನ ದೊಡ್ಡ ಪಾತ್ರೆಯಲ್ಲಿ ಬಣ್ಣದ ನೀರಿಗೆ ಅದ್ದಿ ತೆಗೆಯುವಳು. ಇದಕ್ಕೆ ಅವಳು ಇಟ್ಟ ಹೆಸರು ಗುರುತು ತೆಗೆಯುವುದು. ಸಣ್ಣ ಊರು, ಕೊಟ್ಟವಳೂ ತೊಟ್ಟವಳೂ ಒಂದೇ ಬೀದಿಯಲ್ಲಿ ಎದುರುಬದುರಾಗುತ್ತಾರೆ. ಆಗ ಕೊಟ್ಟವಳ ಕಣ್ಣು ಆ ಬಟ್ಟೆಯ ಮೇಲೆ ಒಂದು ಗಳಿಗೆ ಹೆಚ್ಚು ನಿಂತರೂ ತೊಟ್ಟವಳ ತಲೆ ತಗ್ಗುತ್ತದೆ. "ಕೊಟ್ಟ ಬಟ್ಟೇನ ಕೊಟ್ಟವಳೇ ಗುರುತು ಹಿಡೀಬಾರದು, ಹಾಗಿರಬೇಕು ಕೆಲಸ" ಎನ್ನುತ್ತಿದ್ದಳು.

ಅದಕ್ಕೆ ಕಾರಣ ಅವಳ ಎಂಟನೇ ವಯಸ್ಸಿನಲ್ಲಿತ್ತು. ಅವಳಮ್ಮ ನಾಲ್ಕು ಮನೆ ಕೆಲಸ ಮಾಡುತ್ತಿದ್ದಳು. ಒಂದು ಮನೆಯಿಂದ ನೀಲಿ ಫ್ರಾಕೊಂದನ್ನು ತಂದು ಒಗೆದು, ಇಸ್ತ್ರಿ ಮಾಡಿ, ಮಗಳಿಗೆ ತೊಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದ್ದಳು. ಅಮ್ಮನ ಮುಖದಲ್ಲಿ ಅಷ್ಟು ಸಂತೋಷವನ್ನು ಆ ಹುಡುಗಿ ಮೊದಲು ಕಂಡಿರಲಿಲ್ಲ. ಶಾಲೆಯಲ್ಲಿ ಮೊದಲ ಗಂಟೆ ಬಾರಿಸುವ ಮುಂಚೆಯೇ ಆ ಮನೆಯ ಹುಡುಗಿ ಎದ್ದು ನಿಂತು ಬೆರಳು ತೋರಿಸಿದಳು. "ಅದು ನನ್ನ ಫ್ರಾಕು. ಹಿಂದುಗಡೆ ಕಾಲರ್ ಕೆಳಗೆ ಶಾಯಿ ಕಲೆ ಇದೆ, ಬೇಕಾದ್ರೆ ನೋಡಿ." ಎಲ್ಲರೂ ಎದ್ದು ಬಂದು ನೋಡಿದರು. ಕಲೆ ಇತ್ತು. ಆ ಸಂಜೆ ಇವಳು ಅಡುಗೆಮನೆಯ ಕತ್ತರಿ ತೆಗೆದುಕೊಂಡು ಫ್ರಾಕಿನ ಕಾಲರನ್ನು ಕಲೆಯ ಸಮೇತ ಕತ್ತರಿಸಿ ಒಲೆಗೆ ಹಾಕಿದಳು. ಒಳ್ಳೆಯ ಫ್ರಾಕು ಹಾಳು ಮಾಡಿದ್ದಕ್ಕೆ ಬೆನ್ನಿಗೆ ಎರಡು ಬಿತ್ತು. ಶಾಲೆಯಲ್ಲಿ ನಡೆದದ್ದನ್ನು ಅವಳು ಅಮ್ಮನಿಗೆ ಹೇಳಲಿಲ್ಲ, ಅಮ್ಮ ಸಾಯುವವರೆಗೂ ಹೇಳಲಿಲ್ಲ. ಕತ್ತರಿ ಎಂಬ ಹೆಸರು ಮಾತ್ರ ಅಂದಿನಿಂದ ಅಂಟಿಕೊಂಡಿತು.

ಅವಳ ಕೈಗುಣಕ್ಕೆ ಸಾಕ್ಷಿಯಾಗಿ ನಾದಿನಿ ಎಲ್ಲರಿಗೂ ಹೇಳುತ್ತಿದ್ದ ಒಂದು ಪ್ರಸಂಗವಿದೆ. ಹಲ್ಲಿನ ಡಾಕ್ಟರ ಹೆಂಡತಿ ಒಮ್ಮೆ ತರಕಾರಿ ಅಂಗಡಿಯಲ್ಲಿ ಒಬ್ಬಳನ್ನು ತಡೆದು ನಿಲ್ಲಿಸಿ, "ಎಷ್ಟು ಚೆನ್ನಾಗಿದೆ ಈ ಉಡುಪು, ಎಲ್ಲಿ ಹೊಲಿಸಿದ್ರಿ? ನನಗೂ ಇಂಥದ್ದು ಬೇಕು" ಎಂದಳಂತೆ. ಅದು ಮೂರು ತಿಂಗಳ ಹಿಂದೆ ಅವಳೇ ಓಣಿ ಬಾಗಿಲಲ್ಲಿ ಬಗ್ಗಿ ಕೊಟ್ಟು ಹೋಗಿದ್ದ ಉಡುಪು. ಆ ದಿನ ಕತ್ತರಿ ಅಕ್ಕ ಒಂದು ತುತ್ತು ಹೆಚ್ಚು ಉಂಡಳು.

ಇಂಥವಳ ಓಣಿ ಬಾಗಿಲಿಗೆ ಚಳಿಗಾಲ ಶುರುವಾದ ಒಂದು ಸೋಮವಾರ ಗಡಿಯಾರದಣ್ಣ ಬಂದರು.

ಎಪ್ಪತ್ತು ದಾಟಿದ ಮನುಷ್ಯ. ಆಸ್ಪತ್ರೆಗೆ ಹೋಗುವ ರಸ್ತೆಯಲ್ಲಿ ಗಡಿಯಾರ ರಿಪೇರಿಯ ಪುಟ್ಟ ಅಂಗಡಿ. ವಯಸ್ಸಿನಲ್ಲಿ ಅವರೇ ದೊಡ್ಡವರಾದರೂ ಊರಿನವರ ಹಾಗೆ ಅವಳನ್ನು ಅಕ್ಕ ಎನ್ನುತ್ತಿದ್ದರು, ಅವಳು ಅವರನ್ನು ಅಣ್ಣ ಎನ್ನುತ್ತಿದ್ದಳು. ಇಬ್ಬರಿಗೂ ಅದು ಸರಿಯೆನಿಸಿತ್ತು. ಅವರ ಹೆಂಡತಿ ಹೋಗಿ ಎರಡು ವರ್ಷವಾಗಿತ್ತು. ಕಂಕುಳಲ್ಲಿ ಹೆಂಡತಿಯ ಕೋಟು. ಬೂದು ಬಣ್ಣದ ಉಣ್ಣೆ, ಒಳಗೆ ಕಡುಗೆಂಪು ಅಸ್ತರು, ಅಗಲ ಕಾಲರ್. ಊರಿನ ಕೋಟುಗಳಲ್ಲಿ ಅರ್ಧ ಬೂದು ಬಣ್ಣದವೇ, ಅದರಲ್ಲೇನೂ ವಿಶೇಷವಿರಲಿಲ್ಲ. ವಿಶೇಷವಿದ್ದದ್ದು ಗುಂಡಿಗಳಲ್ಲಿ. ಐದರಲ್ಲಿ ನಾಲ್ಕು ಕಪ್ಪು, ಮೇಲಿನಿಂದ ಎರಡನೆಯದು ಹಿತ್ತಾಳೆಯದು.

"ಅದು ಕಳೆದುಹೋಗಿತ್ತು" ಎಂದರು ಗಡಿಯಾರದಣ್ಣ. "ಹಳೇ ಗೋಡೆ ಗಡಿಯಾರದ ತಗಡು ಕತ್ತರಿಸಿ ನಾನೇ ಮಾಡಿಕೊಟ್ಟೆ. ಸ್ವಲ್ಪ ದೊಡ್ಡದಾಯ್ತು. ಒಂದು ಗುಂಡಿ ಕೇಳಿದ್ರೆ ಗಂಟೆ ಮಾಡಿ ತಂದ್ರಲ್ಲ ಅಂತ ನಕ್ಕಳು. ಅದು ತೂರೋ ಹಾಗೆ ತೂತನ್ನ ದೊಡ್ಡದು ಮಾಡ್ಕೊಂಡು ಹೊಲಿದುಕೊಂಡಳು. ಹನ್ನೊಂದು ಚಳಿಗಾಲ ಹಾಕ್ಕೊಂಡಳು ಅಕ್ಕ."

ಅವರು ಕೋಟನ್ನು ಮೇಜಿನ ಮೇಲಿಟ್ಟು ಎರಡೂ ತೋಳುಗಳನ್ನು ಒಂದರ ಮೇಲೊಂದು ಮಡಚಿದರು, ಮಲಗಿದವರ ಕೈ ಜೋಡಿಸಿಡುವ ಹಾಗೆ. ಆಮೇಲೆ ಕೇಳಿದರು.

"ಯಾರಿಗೆ ಕೊಟ್ರಿ ಅಂತ ನಾನು ಕೇಳಲ್ಲ. ಅವರ ಹತ್ರ ಮಾತೂ ಆಡಲ್ಲ. ಬದಲಾಯಿಸದೆ ಹೀಗೇ ಕೊಡಿ ಅಷ್ಟೇ. ಎರಡು ವರ್ಷದಿಂದ ಗೂಟದಲ್ಲಿ ನೇತಾಡೋದನ್ನೇ ನೋಡ್ತಿದೀನಿ. ಇದು ನಡ್ಕೊಂಡು ಹೋಗೋದನ್ನ ಒಂದೇ ಒಂದ್ಸಲ ನೋಡ್ಬೇಕು."

ಬೇರೆ ಯಾರಾದರೂ ಆಗಿದ್ದರೆ ಕತ್ತರಿ ಅಕ್ಕ ಕೋಟನ್ನು ವಾಪಸ್ ಕೈಗಿತ್ತು ಬಾಗಿಲು ತೋರಿಸುತ್ತಿದ್ದಳು. ಆದರೆ ಆ ಮುದಿ ಕೈ ಮಡಚಿದ ತೋಳುಗಳನ್ನು ಬಿಟ್ಟು ಏಳುತ್ತಿರಲಿಲ್ಲ. ನೊಣದ ಕಾಲಿನಷ್ಟು ಸಣ್ಣ ಮುಳ್ಳುಗಳನ್ನು ಕೂರಿಸುವ ಕೈ ಅದು, ಈಗ ಉಣ್ಣೆಯ ಒಂದು ಸುಕ್ಕನ್ನು ಮತ್ತೆ ಮತ್ತೆ ಸವರುತ್ತಿತ್ತು. ತಲೆ ಬೇಡ ಅನ್ನುವಷ್ಟರಲ್ಲಿ ಬಾಯಿ ಒಪ್ಪಿಕೊಂಡಾಗಿತ್ತು. "ಆಯ್ತಣ್ಣ. ಒಂದು ಹೊಲಿಗೇನೂ ಮುಟ್ಟಲ್ಲ. ತಗೊಳ್ಳೋಳಿಗೆ ವಿಷಯ ಹೇಳಿ, ಒಪ್ಪಿದ್ರೆ ಕೊಡ್ತೀನಿ."

ಕೋಟನ್ನು ಬೇರೆ ಗೂಟಕ್ಕೆ ಹಾಕಿ, ಮುಟ್ಟಬಾರದು ಎಂದು ಚೀಟಿ ಬರೆದು ಗುಂಡುಸೂಜಿಯಲ್ಲಿ ಚುಚ್ಚಿದಳು. ಅಲ್ಲಿಗೆ ಎಲ್ಲ ಸರಿಯಾಗಿಯೇ ಇತ್ತು.

ಕೆಡಿಸಿದ್ದು ಅವಳ ಅಚ್ಚುಕಟ್ಟುತನ. ಮಂಗಳವಾರ ಕಣ್ಣಿಗೆ ಬಿತ್ತು: ಒಳ್ಳೆಯ ಉಣ್ಣೆಗೆ ಗುಂಡುಸೂಜಿ ಚುಚ್ಚಿಟ್ಟಿದ್ದೇನಲ್ಲ, ಎಳೆ ಹರಿದು ತೂತು ಬೀಳುವುದಿಲ್ಲವೇ? ಸೂಜಿ ಕಿತ್ತು, ಚೀಟಿ ತೆಗೆದು, ಅದನ್ನು ದಾರದಲ್ಲಿ ಕಟ್ಟೋಣವೆಂದು ಕೋಟನ್ನು ಮೇಜಿನ ಮೇಲಿಟ್ಟಳು. ಅಷ್ಟರಲ್ಲಿ ಹಿತ್ತಲಲ್ಲಿ ಬಣ್ಣದ ಪಾತ್ರೆ ಉಕ್ಕಿತು. ಅವಳು ಮಂಡಿ ಹಿಡಿದುಕೊಂಡು ಓಡಿದಳು. ನಾದಿನಿ ಬಂದು ಇಸ್ತ್ರಿಯಾದ ಕೋಟುಗಳ ರಾಶಿಯನ್ನು ತಂದು ಆ ಕೋಟಿನ ಮೇಲೆಯೇ ಪೇರಿಸಿದಳು.

ಬುಧವಾರ ಇಪ್ಪತ್ತೆರಡು ಕೋಟು ಮುಗಿಸಬೇಕಿತ್ತು. ನಾದಿನಿ ಎದುರಿಗೆ ಕೂತು, ಮೂಲೆಮನೆಯ ಸೊಸೆ ಅತ್ತೆಗೆ ತಿಳಿಯದ ಹಾಗೆ ಬೆಕ್ಕು ಸಾಕಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದಳು. ಬೆಕ್ಕು ಯಾವ ಕ್ಷಣದಲ್ಲಿ ಅತ್ತೆಯ ಕಾಲಮೇಲೆ ಹಾರುತ್ತದೋ ಎಂದು ಕತ್ತರಿ ಅಕ್ಕ ಮೈಯೆಲ್ಲ ಕಿವಿಯಾಗಿದ್ದಳು. ಕೈಗಳ ಪಾಡಿಗೆ ಕೈಗಳು. ಬೂದು ಕೋಟು ಬಂತು, ಗುಂಡಿ ಕತ್ತರಿಸಿದವು, ಕಾಲರ್ ಕಿರಿದು ಮಾಡಿದವು, ಹೊಸ ನೀಲಿ ಗುಂಡಿ ಹಾಕಿದವು, ಮುಂದಿನದಕ್ಕೆ ಹೋದವು. ಮೂವತ್ತು ವರ್ಷ ದುಡಿದ ಕೈಗಳು ತಲೆಯನ್ನು ಕೇಳುವ ಗೋಜಿಗೆ ಹೋಗುವುದಿಲ್ಲ.

ಗುರುವಾರ ನೂಕುನುಗ್ಗಲು. ಪರದೆ ಹಾಕಿದ ಮೂಲೆ, ಆಳೆತ್ತರದ ಕನ್ನಡಿ, ಎಲ್ಲವೂ ಬಿಡುವಿಲ್ಲದೆ ದುಡಿದವು. ಕೋಟುಗಳನ್ನು ತೋರಿಸುವುದು ನಾದಿನಿಯ ಪಾಲಿಗಿತ್ತು. ಸೋಮವಾರ ಗಡಿಯಾರದಣ್ಣ ಓಣಿ ಬಾಗಿಲಲ್ಲಿ ತಲೆ ತೂರಿಸಿ "ಹೋಯ್ತಾ ಅಕ್ಕ?" ಎಂದಾಗ ಅವಳು ತಿರುಗಿ ನೋಡಿದಳು. ಗೂಟ ಖಾಲಿಯಿತ್ತು. ನಾದಿನಿ ಯಾರಿಗೋ ಹೇಳಿ ಕೊಟ್ಟಿರಬೇಕು ಎಂದುಕೊಂಡು "ಹೋಯ್ತಣ್ಣ" ಎಂದಳು. ಅವರ ಮುಖ ಅರಳಿತು. ಇನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದಷ್ಟೇ ತನ್ನ ಕೆಲಸ ಎಂದು ಹೇಳಿ ಹೋದರು.

"ಹಿತ್ತಾಳೆ ಗುಂಡಿ ಕೋಟು ಯಾರು ತಗೊಂಡ್ರೇ?" ಎಂದಳು ಕತ್ತರಿ ಅಕ್ಕ.

"ಹಿತ್ತಾಳೆ ಗುಂಡೀನಾ? ಅಂಥದ್ದು ಹೋಗಿದ್ರೆ ನನ್ನ ಕಣ್ಣಿಗೆ ಬೀಳ್ತಿರಲಿಲ್ವಾ ಅತ್ತಿಗೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೂರುಪಾರಿನ ಬುಟ್ಟಿಯನ್ನು ಬೋರಲು ಹಾಕಿದಾಗ ಅಗಲವಾದ ಬೂದು ಕಾಲರಿನ ಪಟ್ಟಿ ಹೊರಗೆ ಬಿತ್ತು. ಕತ್ತರಿ ಅಕ್ಕ ಮಿಷನ್ ಮೇಲೆ ಕೈಯೂರಿ ಮೆಲ್ಲಗೆ ಕೂತಳು.

ಕಡುಗೆಂಪು ಅಸ್ತರು ಎಂದದ್ದೇ ತಡ ನಾದಿನಿಗೆ ನೆನಪಾಯಿತು. ತೆಗೆದುಕೊಂಡವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಹೆಂಗಸು, ಮೂವತ್ತರ ಒಳಗಿನವಳು. ಆರು ವರ್ಷದ ಮಗಳನ್ನು ಕಟ್ಟಿಕೊಂಡು ಆ ವರ್ಷವೇ ಊರಿಗೆ ಬಂದವಳು. ಕನ್ನಡಿಯ ಮುಂದೆ ನಿಂತು ಗುಂಡಿ ಹಾಕಿ ಬಿಚ್ಚಿ, ಹಾಕಿ ಬಿಚ್ಚಿ, ಕೊನೆಗೆ "ಇದು ನನಗೇನಾ?" ಎಂದು ಎರಡು ಸಲ ಕೇಳಿದ್ದಳಂತೆ.

ಗಡಿಯಾರದಣ್ಣ ಕಾಯಲು ಶುರುಮಾಡಿದರು. ಬೆಳಿಗ್ಗೆ ಅಂಗಡಿ ತೆರೆದು ಒಂದು ಗಂಟೆ ಬಾಗಿಲಲ್ಲೇ ನಿಲ್ಲುವರು. ಸಂಜೆ ಮಾರುಕಟ್ಟೆಯನ್ನು ಎರಡು ಸುತ್ತು ಹಾಕುವರು. ಬೂದು ಕೋಟಿನ ಹೆಂಗಸು ಕಂಡರೆ ಅವರ ಕಣ್ಣು ನೇರವಾಗಿ ಎದೆಯ ಗುಂಡಿಗೆ ಹೋಗುತ್ತಿತ್ತು, ಅದರ ಫಲ ಬೇಗನೆ ಸಿಕ್ಕಿತು. "ಅತ್ತಿಗೆ, ಕೇಳಿದ್ರಾ? ಬ್ಯಾಂಕಿನ ಮೇಡಂ ಗಡಿಯಾರದಣ್ಣನಿಗೆ ನಡುರಸ್ತೇಲಿ ಮಂಗಳಾರತಿ ಮಾಡಿದ್ರಂತೆ. ಏನ್ರೀ ನೋಡ್ತಿದೀರಾ ಅಂದ್ರೆ, ಗುಂಡಿ ಅಂದರಂತೆ." ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕತ್ತರಿ ಅಕ್ಕ ನಗಲಿಲ್ಲ.

ಒಂದು ಬೆಳಿಗ್ಗೆ ಅವಳು ತರಕಾರಿ ಅಂಗಡಿಯ ಮರೆಯಲ್ಲಿ ನಿಂತು ತಾನೇ ನೋಡಿದಳು. ರಸ್ತೆಯಾಚೆ ಅಂಗಡಿ ಬಾಗಿಲಲ್ಲಿ ಗಡಿಯಾರದಣ್ಣ, ಮಫ್ಲರ್ ಸುತ್ತಿಕೊಂಡು ನಿಂತಿದ್ದಾರೆ. ಆಸ್ಪತ್ರೆ ಕಡೆಗೆ ಲಾಂಡ್ರಿಯ ಹೆಂಗಸು ಬಿರಬಿರನೆ ಬಂದಳು. ಬೂದು ಕೋಟು, ಕಿರಿದಾದ ಕಾಲರ್, ನೀಲಿ ಗುಂಡಿ. ನಡೆಯುತ್ತಲೇ ಒಂದು ಕೈಯಲ್ಲಿ ಎದೆಯ ಹತ್ತಿರ ಕೋಟನ್ನು ಒತ್ತಿ ಹಿಡಿದಿದ್ದಳು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಹೋದಳು. ಅವರು ಗುಂಡಿ ನೋಡಿದರು, ನೋಟ ತೆಗೆದರು, ಅವಳ ಹಿಂದೆ ಬರುತ್ತಿದ್ದವರ ಕಡೆ ಕತ್ತು ಉದ್ದ ಮಾಡಿದರು. ಇಡೀ ಬದುಕಿನಲ್ಲಿ ಕತ್ತರಿ ಅಕ್ಕನಿಗೆ ತನ್ನ ಕೈಕೆಲಸ ಇಷ್ಟು ಕೆಟ್ಟದಾಗಿ ಕಂಡದ್ದು ಅದೇ ಮೊದಲು. ಕೊಳ್ಳಬೇಕೆಂದಿದ್ದ ತರಕಾರಿ ಮರೆತು ಮನೆಗೆ ಬಂದಳು.

ಹೀಗೆ ಮೂರು ವಾರ ಹೋಯಿತು. ಇನ್ನೊಂದು ತಿಂಗಳು ಕಳೆದರೆ ಚಳಿ ಮುಗಿದು ಕೋಟುಗಳೆಲ್ಲ ಪೆಟ್ಟಿಗೆ ಸೇರುತ್ತವೆ. ಮುಂದಿನ ಚಳಿಗಾಲಕ್ಕೆ ಆ ಮುದುಕ ಇದೇ ಬಾಗಿಲಲ್ಲಿ ನಿಂತಿರುತ್ತಾರೆ ಎಂದು ಯಾರು ಹೇಳಬಲ್ಲರು?

ಬಿಚ್ಚಿದ ಗುಂಡಿಗಳನ್ನೆಲ್ಲ ಅವಳು ನಾಲ್ಕು ಬಿಸ್ಕತ್ ಡಬ್ಬಗಳಲ್ಲಿ ತುಂಬಿಡುತ್ತಿದ್ದಳು. ಒಂದು ಮಧ್ಯಾಹ್ನ ನೆಲದ ಮೇಲೆ ಹೊದಿಕೆ ಹಾಸಿ ನಾಲ್ಕನ್ನೂ ಸುರಿದಳು. ಅತ್ತಿಗೆ ನಾದಿನಿ ಎದುರುಬದುರು ಕೂತು ಗುಂಡಿ ಕೆದಕಿದರು. ಹಿತ್ತಾಳೆಯಲ್ಲವೇ, ಹೊಳೆಯುತ್ತದೆ ಎಂದುಕೊಂಡಿದ್ದರು. ಅದು ಕಪ್ಪಿಟ್ಟು ಮಿಕ್ಕವುಗಳ ಹಾಗೇ ಆಗಿತ್ತು. ನಾದಿನಿಗೆ ಸಿಕ್ಕಿದ್ದು ಕೈಯ ತೂಕದಿಂದ. ಉಜ್ಜಿ ನೋಡಿದರೆ ಅಂಚಿನ ಸುತ್ತ ಅರದಿಂದ ಎಳೆದ ಸಣ್ಣ ಸಣ್ಣ ಗೀರುಗಳು, ಗಡಿಯಾರದ ಮುಖದಲ್ಲಿ ನಿಮಿಷಗಳಿರುವ ಹಾಗೆ. ಎಣಿಸಿದಳು. ಸರಿಯಾಗಿ ಅರವತ್ತು. "ಪಾಪ, ಒಂದು ಗುಂಡಿಗೆ ಇಷ್ಟು ಕಷ್ಟಪಟ್ಟಿದಾರಲ್ಲ ಅತ್ತಿಗೆ" ಎಂದಳು ನಾದಿನಿ.

ಗುರುವಾರ ಲಾಂಡ್ರಿಯ ಹೆಂಗಸು ಒಂದು ಲಂಗಕ್ಕಾಗಿ ಬಂದಾಗ ಕತ್ತರಿ ಅಕ್ಕ ಅವಳನ್ನು ಪರದೆಯ ಹಿಂದೆ ಕೂರಿಸಿದಳು. ಎಲ್ಲ ಹೇಳಿದಳು. ಯಾರ ಕೋಟು, ಅವರು ಕೇಳಿಕೊಂಡದ್ದೇನು, ತಾನು ಮಾಡಿದ್ದೇನು. ಕೊಟ್ಟವರು ಯಾರೆಂದು ಈವರೆಗೆ ಯಾರಿಗೂ ಹೇಳದವಳು ಹೇಳುತ್ತಿದ್ದೇನೆ ಎಂಬ ಅಳುಕು ಮಾತುಮಾತಿಗೂ ಅಡ್ಡ ಬರುತ್ತಿತ್ತು. ಗುಂಡಿಯನ್ನು ಅವಳ ಕೈಯಲ್ಲಿಟ್ಟು, "ನಿನಗೆ ಬೇಡ ಅನ್ನಿಸಿದ್ರೆ ಬೇಡ ಕಣಮ್ಮ. ಕೋಟು ನಿಂದು. ಬಲವಂತ ಇಲ್ಲ" ಎಂದಳು.

ಹೆಂಗಸು ಗುಂಡಿಯನ್ನು ನೋಡಿದಳು, ತನ್ನ ಮೈಮೇಲಿನ ಕೋಟನ್ನು ನೋಡಿಕೊಂಡಳು. ಕೋಟು ಒಮ್ಮೆಗೇ ಬೇರೆಯವರದಾದಂತೆ ತೋಳುಗಳನ್ನು ಮೈಯಿಂದ ದೂರ ಹಿಡಿದಳು. "ತೀರಿಹೋದವರದ್ದಾ ಅಕ್ಕ?" ಎಂದಷ್ಟೇ ಕೇಳಿದಳು. ಗುಂಡಿಯನ್ನು ಜೇಬಿಗೆ ಹಾಕಿಕೊಂಡು ಹೊರಟಳು. ಲಂಗವನ್ನು ಅಲ್ಲೇ ಬಿಟ್ಟು ಹೋಗಿದ್ದಳು.

ಮಾರನೆಯ ದಿನದಿಂದ ಅವಳು ತೆಳುವಾದ ಸ್ವೆಟರ್ ಹಾಕಿಕೊಂಡು, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋಗತೊಡಗಿದಳು. ಕತ್ತರಿ ಅಕ್ಕ ಗಾಜಿನ ಬಾಗಿಲಿನೊಳಗಿಂದ ನೋಡಿದಳು. ಮೂಗಿನ ತುದಿ ಕೆಂಪಾಗಿತ್ತು. ಒಂದು ದಿನ, ಎರಡು ದಿನ, ನಾಲ್ಕು ದಿನ.

"ಬಾಯಿ ಮುಚ್ಕೊಂಡಿದ್ದಿದ್ರೆ ಒಬ್ಬಳಾದ್ರೂ ಬೆಚ್ಚಗಿರ್ತಿದ್ಲು" ಎಂದಳು ನಾದಿನಿಗೆ. "ಈಗ ನೋಡು, ಆ ಕೋಟು ಮತ್ತೆ ಗೂಟಕ್ಕೇ ಹೋಯ್ತು. ಇವರ ಮನೆ ಗೂಟದಿಂದ ಅವಳ ಮನೆ ಗೂಟಕ್ಕೆ. ಅದಕ್ಕೆ ನಾನ್ಯಾಕೆ ಬೇಕಿತ್ತು?"

"ಹೋಗಿ ಅವರಿಗೆ ನಿಜ ಹೇಳಿಬಿಡಿ ಅತ್ತಿಗೆ" ಎಂದಳು ನಾದಿನಿ. "ಪಾಪ, ಬೆಳಗಾದ್ರೆ ಬಾಗಿಲಲ್ಲಿ ನಿಂತಿರ್ತಾರೆ. ಬರದೇ ಇರೋದಕ್ಕೆ ಎಷ್ಟು ದಿನ ಅಂತ ಕಾಯ್ತಾರೆ?"

ನಾದಿನಿ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಸರಿಯಾಗಿ ಹೇಳಿದ್ದು ಅಪರೂಪ. ಅಂದು ಮಧ್ಯಾಹ್ನವೇ ಕತ್ತರಿ ಅಕ್ಕ ಹೊರಟಳು.

ಗಡಿಯಾರದಣ್ಣನ ಅಂಗಡಿಯಲ್ಲಿ ಇಬ್ಬರು ಕೂರುವಷ್ಟೇ ಜಾಗ. ಗೋಡೆ ತುಂಬ ಗಡಿಯಾರಗಳು, ಒಂದೊಂದೂ ತನಗೆ ತೋಚಿದ ಸಮಯ ತೋರಿಸುತ್ತಿತ್ತು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ಕೂತಿದ್ದವರು, ಅವಳನ್ನು ಕಂಡು ಸ್ಟೂಲ್ ಎಳೆದು ಹಾಕಿದರು. "ಇನ್ನೂ ಸಿಕ್ಕಿಲ್ಲ ಅಕ್ಕ. ಬಹುಶಃ ಆ ಕಡೆ ಬಡಾವಣೆಯವರು ತಗೊಂಡಿರಬೇಕು. ನಾಳೆಯಿಂದ ಆ ಕಡೆ ಹೋಗಿ ನಿಲ್ಲೋಣ ಅಂತಿದೀನಿ."

ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಅವಳಿಗೆ ಕೈಕೊಟ್ಟವು. "ನಿಲ್ಲಬೇಡಿ ಅಣ್ಣ" ಎಂದಳು. "ನಾನು ಕೊಟ್ಟ ಮಾತು ತಪ್ಪಿದೆ. ಕಾಲರ್ ಕತ್ತರಿಸಿಬಿಟ್ಟೆ. ಗುಂಡಿ ಕಿತ್ತು ಬೇರೆ ಹಾಕಿದೆ. ಬೇಕಂತ ಅಲ್ಲ, ಮೈಮೇಲೆ ಗ್ಯಾನ ಇಲ್ಲದೆ ಮಾಡಿದೆ. ಅವತ್ತು ನೀವು ಕೇಳಿದಾಗ ನನಗೂ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಹೇಳೋಕೆ ಮುಖ ಇರಲಿಲ್ಲ. ಅದು ದಿನಾ ನಿಮ್ಮ ಮುಂದೇನೇ ಹೋಗಿದೆ."

ಗಡಿಯಾರದಣ್ಣ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ಗೋಡೆಯ ಮೇಲಿನವು ಟಿಕ್‌ಟಿಕ್ ಎನ್ನುತ್ತಲೇ ಇದ್ದವು.

"ನಾನು ನಿಮ್ಮನ್ನ ಒಂದೇ ಒಂದು ಕೇಳಿದ್ದೆ ಅಕ್ಕ" ಎಂದರು.

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಸ್ಟೂಲಿನ ಮೇಲೆ ಎಂಟು ವರ್ಷದ ಹುಡುಗಿಯ ಹಾಗೆ ತಲೆ ತಗ್ಗಿಸಿ ಕೂತಳು.

ಆಮೇಲೆ ಅವರೇ ಕೇಳಿದರು. "ಹೋಗ್ಲಿ, ತಗೊಂಡವರು ಬೆಚ್ಚಗಿದಾರಾ?"

"ಇದ್ಲು. ನಾನು ಹೋಗಿ ವಿಷಯ ಹೇಳಿ ಅದನ್ನೂ ಕೆಡಿಸಿದೆ."

ಬಾಗಿಲ ಮೇಲಿನ ಗಂಟೆ ಅಲ್ಲಾಡಿತು. ಹೊಸಿಲಲ್ಲಿ ಲಾಂಡ್ರಿಯ ಹೆಂಗಸು ನಿಂತಿದ್ದಳು. ಬೆಳಗಿನ ಪಾಳಿ ಮುಗಿಸಿ, ಮನೆಗೆ ಓಡಿ ಕೋಟು ಹಾಕಿಕೊಂಡು ಬಂದಿದ್ದಳು, ಬೆರಳುಗಳು ಸೋಪಿನ ನೀರಿಗೆ ಸುಕ್ಕಾಗಿದ್ದವು. ಮೈಮೇಲೆ ಬೂದು ಕೋಟು. ನಾಲ್ಕು ನೀಲಿ ಗುಂಡಿ, ಮೇಲಿನಿಂದ ಎರಡನೆಯದು ಹಿತ್ತಾಳೆಯದು, ಉಜ್ಜಿ ಫಳಫಳ ಮಾಡಿದ್ದು.

"ಅಕ್ಕ, ನೀವೂ ಇಲ್ಲೇ ಇದೀರಾ" ಎಂದು ಅವಳು ತಬ್ಬಿಬ್ಬಾದಳು. ಆಮೇಲೆ ಗಡಿಯಾರದಣ್ಣನ ಕಡೆ ತಿರುಗಿ, ಬರುವಾಗಲೇ ಒಪ್ಪಿಸಿಕೊಂಡಿದ್ದಂತೆ ಒಂದೇ ಉಸಿರಿಗೆ ಹೇಳಿದಳು. "ಇದು ನಿಮ್ಮ ಮನೆಯವರ ಕೋಟಂತೆ. ಮೊದಲು ನನಗೆ ಹಾಕ್ಕೊಳ್ಳೋಕೆ ಮನಸ್ಸೇ ಬರಲಿಲ್ಲ, ಮೊಳೆಗೆ ನೇತುಹಾಕಿದ್ದೆ. ನನ್ನ ಮಗಳು ಆ ಗುಂಡಿ ಇಟ್ಕೊಂಡು ಆಡ್ತಾ, ಇದರಲ್ಲಿ ಅರವತ್ತು ಗೆರೆ ಇದೆ, ಯಾರಮ್ಮ ಕೂತು ಕೆತ್ತಿದ್ದು ಅಂದಳು. ಕೆತ್ತಿಕೊಡೋರು ಇದ್ದೋರ ಕೋಟಲ್ವಾ, ಒಳ್ಳೇ ಮನೆ ಕೋಟೇ ಅನ್ನಿಸ್ತು. ನಿನ್ನೆ ರಾತ್ರಿ ಹೊಲಿದೆ. ಆ ನೀಲಿ ಗುಂಡಿ ಆ ತೂತಲ್ಲಿ ನಿಲ್ತಾನೇ ಇರಲಿಲ್ಲ, ನಾಲ್ಕು ಹೆಜ್ಜೆಗೆ ಬಿಚ್ಚಿಕೊಳ್ತಿತ್ತು. ಎದೆಗೆ ಗಾಳಿ ನುಗ್ತಿತ್ತು, ಕೈಯಲ್ಲಿ ಹಿಡ್ಕೊಂಡೇ ಓಡಾಡ್ತಿದ್ದೆ. ಇದು ಬಿಚ್ಚಿಕೊಳ್ಳಲ್ಲ."

ಕತ್ತರಿ ಅಕ್ಕ ನಾಲಿಗೆ ಕಚ್ಚಿಕೊಂಡಳು. ಹೆಂಡತಿ ತೂತು ದೊಡ್ಡದು ಮಾಡಿಕೊಂಡಳು ಎಂದು ಗಡಿಯಾರದಣ್ಣ ಅಂದೇ ಹೇಳಿದ್ದರು. ಮೂವತ್ತು ವರ್ಷದ ಅನುಭವದ ಕೈ ಗುಂಡಿ ಬದಲಾಯಿಸಿತ್ತು, ತೂತು ನೋಡಿರಲಿಲ್ಲ.

ಗಡಿಯಾರದಣ್ಣ ಎದ್ದು ನಿಂತಿದ್ದರು. ಗುಂಡಿ ನೋಡಿದರು, ಮುಟ್ಟಲಿಲ್ಲ. ಬಾಗಿಲಾಚೆ ಕೈ ತೋರಿಸಿದರು.

"ಅಮ್ಮ, ತಪ್ಪು ತಿಳ್ಕೊಳ್ಳಬೇಡಿ. ಆ ದೀಪದ ಕಂಬದವರೆಗೂ ಒಂದ್ಸಲ ನಡ್ಕೊಂಡು ಹೋಗಿ ಬರ್ತೀರಾ?"

ಅವಳು ಹೋದಳು. ಮೊದಲ ನಾಲ್ಕು ಹೆಜ್ಜೆ ನಾಚಿಕೊಂಡು ನಡೆದಳು. ಆಮೇಲೆ ಎರಡೂ ಕೈ ಬೀಸಿಕೊಂಡು, ಎದೆಗೆ ಕೈ ಒತ್ತದೆ, ತಾನು ದಿನಾ ಕೆಲಸಕ್ಕೆ ಹೋಗುವ ಬಿರುಸಿನಲ್ಲೇ ನಡೆದಳು. ಕೋಟಿನ ಅಂಚು ಮಂಡಿಯ ಹತ್ತಿರ ಆ ಕಡೆ ಈ ಕಡೆ ಆಡುತ್ತಿತ್ತು. ಕಂಬದ ಹತ್ತಿರ ತಿರುಗಿದಾಗ ಬಿಸಿಲು ಬಿದ್ದು ಗುಂಡಿ ಒಮ್ಮೆ ಮಿಂಚಿತು. ಗಡಿಯಾರದಣ್ಣ ಬಾಗಿಲ ಚೌಕಟ್ಟು ಹಿಡಿದು ಕಣ್ಣು ಮಿಟುಕಿಸದೆ ನೋಡಿದರು. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೆ ಹೋಗಲಿಲ್ಲ.

ಅವಳು ಹಿಂತಿರುಗಿ ಬಂದು ಎದುರಿಗೆ ನಿಂತಾಗ ಅವರು ಅವಳನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿ ತಲೆಯಾಡಿಸಿದರು.

"ನಿಮ್ಮ ಕೋಟು ನಿಮಗೆ ಚೆನ್ನಾಗಿ ಒಪ್ಪುತ್ತೆ ಅಮ್ಮ" ಎಂದರು.

ಸ್ಟೂಲಿನ ಮೇಲಿದ್ದ ಕತ್ತರಿ ಅಕ್ಕನಿಗೆ ಆ ಮಾತು ಬೇರೆಲ್ಲೋ ಹೋಗಿ ತಾಕಿತು. ಗುರುತು ಹಿಡಿದವರು ಹೀಗೂ ಹೇಳಬಹುದಿತ್ತು. ಶಾಲೆಯ ಆ ಬೆಳಿಗ್ಗೆ ಆ ಹುಡುಗಿ ಎದ್ದು ನಿಂತು ನಿನ್ನ ಫ್ರಾಕು ಚೆನ್ನಾಗಿದೆ ಕಣೇ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಐವತ್ತನಾಲ್ಕು ವರ್ಷ ಅವಳು ಕಾದದ್ದು ಈ ಒಂದು ಮಾತಿಗೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂದು ಗೋಡೆಯ ಗಡಿಯಾರಗಳೆಲ್ಲ ಕಲಸಿಹೋದವು.

ಅಳುವುದನ್ನು ಬೇರೆಯವರಿಗೆ ತೋರಿಸುವ ಹೆಂಗಸಲ್ಲ ಅವಳು. ಮೂಗು ಸೇದಿಕೊಂಡು, ಹುಬ್ಬು ಗಂಟಿಕ್ಕಿ ಆ ಗುಂಡಿಯನ್ನು ಹತ್ತಿರಕ್ಕೆಳೆದು ನೋಡಿದಳು.

"ಬೂದು ಕೋಟಿಗೆ ಬಿಳಿ ದಾರ ಯಾರು ಹಾಕಿದ್ದು? ಇದೇನು ಹೊಲಿಗೇನಾ, ದನ ಕಟ್ಟಿದ ಹಾಗೆ ಕಟ್ಟಿದೀಯಲ್ಲ. ಬಿಚ್ಚು ಕೋಟು, ಕೊಡಿಲ್ಲಿ."

"ಮನೇಲಿ ಬಿಳಿ ದಾರ ಒಂದೇ ಇದ್ದಿದ್ದು ಅಕ್ಕ" ಎಂದು ಹೆಂಗಸು ನಗುತ್ತಾ ಕೋಟು ಬಿಚ್ಚಿಕೊಟ್ಟಳು.

ಕತ್ತರಿ ಅಕ್ಕನ ಕಾಲರಿನ ಹಿಂದೆ ಯಾವಾಗಲೂ ಒಂದು ಸೂಜಿ, ಸುತ್ತಿಟ್ಟ ಬೂದು ದಾರ ಇರುತ್ತಿದ್ದವು. ತೆಗೆದು ದಾರ ಪೋಣಿಸಲು ನೋಡಿದಳು. ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮತ್ತೆ ನೋಡಿದಳು. ಕಣ್ಣಿನ ನೀರು ಇನ್ನೂ ಆರಿರಲಿಲ್ಲ, ಸೂಜಿಯ ಕಣ್ಣು ಎರಡೆರಡಾಗಿ ಕಾಣುತ್ತಿತ್ತು.

"ಕೊಡಿ ಅಕ್ಕ" ಎಂದು ಗಡಿಯಾರದಣ್ಣ ಕೈ ನೀಡಿದರು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಸೂಜಿಯನ್ನು ಬೆಳಕಿಗೆ ಹಿಡಿದು, ಒಂದೇ ಸಲಕ್ಕೆ ದಾರ ಪೋಣಿಸಿ ಅವಳ ಕೈಗೆ ಕೊಟ್ಟರು.